ವಾರಂಟಿ ಮುಗಿದ ಮೇಲೆ ಗೇರ್‌ಬಾಕ್ಸ್ ಕೆಟ್ಟರೆ: ತಿಂಗಳುಗಟ್ಟಲೆ ನಿಂತ ಕಾರಿನ ಹೊಣೆ ಯಾರದು?

ಕಾರು ಇಟ್ಟುಕೊಂಡವರ ಕಿವಿಗೆ ಇತ್ತೀಚಿನ ವರ್ಷಗಳಲ್ಲಿ ಎರಡು ಸಿಹಿ ಸುದ್ದಿ ಬಿದ್ದಿವೆ. ಮೊದಲನೆಯದು ‘ದುರಸ್ತಿ ಹಕ್ಕು’. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ಇದಕ್ಕಾಗಿಯೇ ಪೋರ್ಟಲ್ ತೆರೆಯಿತು. ಎರಡನೆಯದು ತೆರಿಗೆಯದು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇ 18ರ ಒಂದೇ ಜಿಎಸ್‌ಟಿ. ಗೇರ್‌ಬಾಕ್ಸ್ ಅದಕ್ಕೆ ಮೊದಲು ಶೇ 28ರ ಪಟ್ಟಿಯಲ್ಲಿತ್ತು. ದುರಸ್ತಿ ನಮ್ಮ ಹಕ್ಕಾಯಿತು, ಖರ್ಚೂ ಇಳಿಯಿತು ಎಂದುಕೊಂಡು, ಕೆಟ್ಟ ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಂದಿಗೆ ಸರ್ವಿಸ್ ಸೆಂಟರ್‌ಗೆ ಹೋದವರಿಗೆ ಕೌಂಟರ್‌ನಲ್ಲಿ ಸಿಗುವುದು ಹಳೆಯ ಉತ್ತರವೇ: ‘ವಾರಂಟಿ ಮುಗಿದಿದೆ ಸಾರ್. ಪಾರ್ಟ್ಸ್ ಬಂದಿಲ್ಲ, ಯಾವಾಗ ಬರುತ್ತೋ ಹೇಳಕ್ಕಾಗಲ್ಲ.’

ಗೊಂದಲದ ಬೇರು ಈ ಉತ್ತರದಲ್ಲೇ ಇದೆ. ಅದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದೇ ಉಸಿರಿನಲ್ಲಿ ಸೇರಿಹೋಗಿವೆ. ಖರ್ಚು ಯಾರದು ಎಂಬುದು ಒಂದು. ಕೆಲಸ ಯಾವಾಗ ಮುಗಿಯಬೇಕು ಎಂಬುದು ಇನ್ನೊಂದು. ವಾರಂಟಿ ಮುಗಿದರೆ ಮೊದಲನೆಯದರ ಉತ್ತರ ಬದಲಾಗುತ್ತದೆ. ಎರಡನೆಯದರದ್ದು ಬದಲಾಗುವುದಿಲ್ಲ. ಇವೆರಡನ್ನೂ ಕೂಡಿಸಿ ಹೇಳಿದಾಗ ಮಾಲೀಕ ‘ವಾರಂಟಿಯೇ ಇಲ್ಲವಲ್ಲ, ಇನ್ನೇನು ಕೇಳುವುದು’ ಎಂದು ಸುಮ್ಮನಾಗುತ್ತಾನೆ. ತಡದ ಲೆಕ್ಕ ಯಾರೂ ಕೇಳದೆ ಉಳಿಯುತ್ತದೆ.

ತುಮಕೂರಿನಲ್ಲಿ ವಾರಂಟಿ ಬೇಗ ಮುಗಿಯುತ್ತದೆ

ಕಡಿಮೆ ಬೆಲೆಯ ಆಟೊಮ್ಯಾಟಿಕ್ ಕಾರು ಮಧ್ಯಮ ವರ್ಗದ ಮನೆ ಬಾಗಿಲಿಗೆ ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಎಎಂಟಿಯೊಂದಿಗೆ. ಅಲ್ಲಿಂದಾಚೆಗೆ ಸಣ್ಣ ಕಾರಿನಲ್ಲೂ ಕ್ಲಚ್ ಪೆಡಲ್ ಇಲ್ಲದ ಮಾದರಿ ಮಾಮೂಲಾಯಿತು. ಮೊದಲ ಅಲೆಯ ಆ ಕಾರುಗಳೆಲ್ಲ ಈಗ ವಾರಂಟಿಯ ಗಡಿ ದಾಟಿವೆ. ಹೊಸ ಕಾರುಗಳಿಗೂ ಹಲವು ಕಂಪನಿಗಳು ಕೊಡುವುದು ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು.

‘ಯಾವುದು ಮೊದಲೋ ಅದು’ ಎಂಬ ಮಾತು ತುಮಕೂರಿನವರಿಗೆ ದುಬಾರಿ. ಇಲ್ಲಿಂದ ಬೆಂಗಳೂರಿಗೆ 70 ಕಿ.ಮೀ. ಹೋಗಿ ಬಂದರೆ ದಿನಕ್ಕೆ 140. ತಿಂಗಳಿಗೆ 25 ದಿನ ಓಡಾಡುವ ನೌಕರನ ಕಾರು ತಿಂಗಳಲ್ಲಿ 3,500 ಕಿ.ಮೀ. ಓಡುತ್ತದೆ, ಒಂದು ಲಕ್ಷ ತುಂಬಲು ಎರಡೂವರೆ ವರ್ಷವೂ ಬೇಡ. ಕಾರಿನ ಸಾಲದ ಕಂತು ಇನ್ನೂ ಅರ್ಧ ಬಾಕಿ ಇರುವಾಗಲೇ ವಾರಂಟಿ ಕೈಬಿಟ್ಟಿರುತ್ತದೆ. ಹಳ್ಳಿಯಲ್ಲಿಟ್ಟು ವಾರಕ್ಕೊಮ್ಮೆ ಸಂತೆಗೆ ತೆಗೆಯುವ ಕಾರಿಗೂ ಇದಕ್ಕೂ ಕಂಪನಿಯ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ.

ದಾರಿಯ ಸ್ವರೂಪವೂ ಗೇರ್‌ಬಾಕ್ಸಿಗೆ ಒಗ್ಗುವಂಥದ್ದಲ್ಲ. ನೆಲಮಂಗಲದವರೆಗೆ ಒಂದೇ ವೇಗದ ಓಟ. ಅಲ್ಲಿಂದ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಒಂದಡಿ ಮುಂದೆ, ಬ್ರೇಕ್, ಮತ್ತೆ ಒಂದಡಿ. ಎರಡು ಕ್ಲಚ್ಚುಗಳ ಡಿಸಿಟಿ ಗೇರ್‌ಬಾಕ್ಸ್‌ಗಳಲ್ಲಿ, ಅದರಲ್ಲೂ ಎಣ್ಣೆಯಲ್ಲಿ ಮುಳುಗಿರದ ‘ಡ್ರೈ’ ಕ್ಲಚ್ ಇರುವವುಗಳಲ್ಲಿ, ಇಂಥ ತೆವಳಾಟದಿಂದ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯೇರುತ್ತದೆ. ಬಿಸಿಯೇರಿದಷ್ಟೂ ಸವೆತ ಹೆಚ್ಚು. ನಂತರ ಹೊರಡುವಾಗ ನಡುಕ, ಗೇರ್ ಬೀಳದೆ ತಡವರಿಸುವುದು, ಕೊನೆಗೊಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಗುರುತು.

ಒಂದೇ ಹೆಸರು, ನಾಲ್ಕು ಬಗೆಯ ಪೆಟ್ಟಿಗೆ

‘ಆಟೊಮ್ಯಾಟಿಕ್’ ಎಂದು ಮಾರುವ ಪೆಟ್ಟಿಗೆಗಳೆಲ್ಲ ಒಂದೇ ಅಲ್ಲ. ಯಾವುದು ಕೆಟ್ಟಿದೆ ಎಂಬುದರ ಮೇಲೆ ತಡದ ಅವಧಿಯೂ ನಿಂತಿದೆ.

ಎಎಂಟಿ ಎಂದರೆ ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಕಾಲು, ಕೈಗಳ ಬದಲು ಒಂದು ಯಂತ್ರ ಮಾಡುತ್ತದೆ. ಕ್ಲಚ್ ಪ್ಲೇಟು ಸವೆದರೆ ಅನುಭವವಿರುವ ಊರಿನ ಮೆಕ್ಯಾನಿಕ್ ಬದಲಿಸಬಲ್ಲ. ಆಮೇಲೆ ಕಂಪ್ಯೂಟರ್‌ಗೆ ಹೊಸ ಕ್ಲಚ್ಚಿನ ಅಳತೆ ಕಲಿಸಲು ಮಾತ್ರ ಸ್ಕ್ಯಾನರ್ ಬೇಕು. ಟಾರ್ಕ್ ಕನ್ವರ್ಟರ್ ಬಗೆಯಲ್ಲಿ ಎಣ್ಣೆಯ ಒತ್ತಡದಿಂದಲೇ ಎಲ್ಲ ನಡೆಯುತ್ತದೆ, ಕಸ ಸೇರಿ ವಾಲ್ವುಗಳು ಸಿಕ್ಕಿಕೊಳ್ಳುವುದು ಅದರ ಸಾಮಾನ್ಯ ರೋಗ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟು, ಎರಡು ಪುಲ್ಲಿ. ಬೆಲ್ಟು ಜಾರಿ ಪುಲ್ಲಿಗೆ ಗೀರು ಬಿದ್ದರೆ ಬಿಡಿಯಾಗಿ ರಿಪೇರಿ ಮಾಡುವವರು ಅಪರೂಪ. ಡಿಸಿಟಿಯ ತಲೆನೋವು ಕ್ಲಚ್ ಜೋಡಿ, ಜೊತೆಗೆ ‘ಮೆಕಾಟ್ರಾನಿಕ್’ ಎನ್ನುವ ಕಂಪ್ಯೂಟರ್ ಮತ್ತು ವಾಲ್ವುಗಳು ಬೆಸೆದ ಘಟಕ.

ಕೊನೆಯ ಎರಡು ಬಗೆಗಳಲ್ಲಿ ಕಂಪನಿಯ ಸರ್ವಿಸ್ ಸೆಂಟರ್ ಸಾಮಾನ್ಯವಾಗಿ ಒಳಗಿನ ಒಂದು ಬೇರಿಂಗ್ ಬದಲಿಸುವುದಿಲ್ಲ, ಇಡೀ ಘಟಕವನ್ನೇ ಬದಲಿಸುತ್ತದೆ. ಎಸ್ಟಿಮೇಟ್ ಲಕ್ಷ ದಾಟುವುದು ಇದರಿಂದಲೇ. ಅಷ್ಟು ದುಬಾರಿ ಘಟಕವನ್ನು ಯಾವ ಊರಿನ ಡೀಲರನೂ ಕಪಾಟಿನಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ತಡ ಶುರುವಾಗುವುದು ಇಲ್ಲಿಂದ.

ತಡ ಹುಟ್ಟುವ ಜಾಗಗಳು

ಕಾರು ಸರ್ವಿಸ್ ಸೆಂಟರ್ ಸೇರಿದ ಮೇಲೆ ಏನೇನಾಗುತ್ತದೆ? ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದುತ್ತಾರೆ. ಅದನ್ನು ಕಂಪನಿಯ ತಾಂತ್ರಿಕ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿಂದ ‘ಬಿಚ್ಚಿ ನೋಡಿ’ ಎಂಬ ಸೂಚನೆ ಬರಬೇಕು. ಬಿಚ್ಚಿದ ಮೇಲೆ ಫೋಟೊ ಕಳಿಸಿ ಮತ್ತೆ ಕಾಯುವುದು. ಎಸ್ಟಿಮೇಟ್ ಸಿದ್ಧವಾಗಿ, ಮಾಲೀಕ ಒಪ್ಪಿ, ಮುಂಗಡ ಕಟ್ಟಿದ ಬಳಿಕವೇ ಪಾರ್ಟ್ಸ್ ಆರ್ಡರ್. ಕಂಪನಿಯ ಗೋದಾಮಿನಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ ಗೇರ್‌ಬಾಕ್ಸ್ ತಯಾರಿಸುವ ಬೇರೊಂದು ಕಂಪನಿಯ ಸರದಿಗೆ ಕಾಯಬೇಕು. ಜೆಡ್‌ಎಫ್, ಐಸಿನ್, ಜಾಟ್ಕೊದಂಥ ಕೆಲವೇ ಕಂಪನಿಗಳು ಜಗತ್ತಿನ ಹಲವು ಕಾರು ಕಂಪನಿಗಳಿಗೆ ಈ ಪೆಟ್ಟಿಗೆಗಳನ್ನು ಪೂರೈಸುತ್ತವೆ. ಅವುಗಳಿಗೆ ಹೊಸ ಕಾರಿನ ಕಾರ್ಖಾನೆಯ ಬೇಡಿಕೆ ಮೊದಲು, ಹಳೆಯ ಕಾರಿನ ರಿಪೇರಿ ಆಮೇಲೆ. ಬಂದ ಘಟಕವನ್ನು ಕೂರಿಸಿ, ಆ ಕಾರಿನ ಕಂಪ್ಯೂಟರ್‌ಗೆ ಹೊಂದಿಸುವ ಸಾಫ್ಟ್‌ವೇರ್ ಕೆಲಸ ಕೊನೆಯದು.

ಇದರಲ್ಲಿ ಒಂದು ಹಂತ ಮಾಲೀಕನ ಕೈಯಲ್ಲೇ ಇದೆ, ಎಸ್ಟಿಮೇಟ್ ಒಪ್ಪುವುದು. ಅಲ್ಲಿ ಇಪ್ಪತ್ತು ದಿನ ಯೋಚಿಸಿ, ಆಮೇಲೆ ಎಲ್ಲ ತಡವೂ ಸರ್ವಿಸ್ ಸೆಂಟರಿನದ್ದೇ ಎಂದರೆ ಯಾವ ಗ್ರಾಹಕ ಆಯೋಗವೂ ಒಪ್ಪುವುದಿಲ್ಲ. ಉಳಿದ ಹಂತಗಳೆಲ್ಲ ಡೀಲರ್ ಮತ್ತು ಕಂಪನಿಯ ನಡುವಿನವು. ಮಾಲೀಕನಿಗೆ ಅವು ಕಾಣುವುದೂ ಇಲ್ಲ.

ಮಾರುಕಟ್ಟೆ ಬಿಟ್ಟುಹೋದ ಬ್ರ್ಯಾಂಡುಗಳ ಕಥೆ ಇನ್ನೂ ಕಷ್ಟದ್ದು. ಜನರಲ್ ಮೋಟಾರ್ಸ್ 2017ರ ಕೊನೆಗೆ ಷೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿತು; ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆ ಮುಗಿಸುವುದಾಗಿ ಹೇಳಿತು. ಸರ್ವಿಸ್, ಬಿಡಿಭಾಗ ಮುಂದುವರಿಯುತ್ತವೆ ಎಂಬ ಭರವಸೆಯನ್ನು ಎರಡೂ ಕಂಪನಿಗಳು ಕೊಟ್ಟವು. ಆದರೆ ಶೋರೂಂ ಮುಚ್ಚಿದ ಊರಿನಲ್ಲಿ ಆ ಭರವಸೆಯನ್ನು ನಗದು ಮಾಡಿಕೊಳ್ಳಲು ಬೆಂಗಳೂರಿಗೇ ಹೋಗಬೇಕು. ಕಂಪನಿಯಿಂದ ಅಲ್ಲೂ ಸಿಗದಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ.

ವಾರಂಟಿಯೊಂದಿಗೆ ಏನು ಮುಗಿಯುತ್ತದೆ

ವಾರಂಟಿ ಒಂದು ಒಪ್ಪಂದ. ಇಷ್ಟು ವರ್ಷ, ಇಷ್ಟು ಕಿಲೋಮೀಟರಿನೊಳಗೆ ತಯಾರಿಕೆಯ ದೋಷ ಕಂಡರೆ ಪುಕ್ಕಟೆ ಸರಿಮಾಡಿಕೊಡುತ್ತೇವೆ ಎಂಬ ಮಾತು. ಅವಧಿ ಮುಗಿದರೆ ಆ ಪುಕ್ಕಟೆಯ ಮಾತು ಮುಗಿಯುತ್ತದೆ. ಆದರೆ ‘ಮುಗಿಯಿತು’ ಎಂಬುದನ್ನು ಯಾವ ದಿನಾಂಕದಿಂದ ಎಣಿಸಬೇಕು ಎನ್ನುವಲ್ಲೇ ಹೆಚ್ಚಿನ ಜಗಳ.

ಗೇರ್ ಬೀಳುವಾಗ ನಡುಕ ಬರುತ್ತಿದೆ ಎಂದು ವಾರಂಟಿ ಇರುವಾಗಲೇ ಹೇಳಿದ್ದು, ‘ಇದು ಮಾಮೂಲು ಸಾರ್, ನೀವು ಓಡಿಸುವ ರೀತಿ ಹಾಗೆ’ ಎಂದು ಕಳಿಸಿಕೊಟ್ಟು, ವಾರಂಟಿ ಮುಗಿದ ಮೇಲೆ ಅದೇ ಗೇರ್‌ಬಾಕ್ಸ್ ಕೈಕೊಟ್ಟರೆ? ದೋಷ ವರದಿಯಾದದ್ದು ವಾರಂಟಿಯೊಳಗೆ. ಕಂಪನಿ ಕೈ ಝಾಡಿಸಿಕೊಳ್ಳುವುದು ಕಷ್ಟ. ಒಂದೇ ಷರತ್ತು, ಆ ದೂರು ಜಾಬ್ ಕಾರ್ಡಿನಲ್ಲಿ, ಅಂದರೆ ಕಾರು ಬಿಡುವಾಗ ಸರ್ವಿಸ್ ಸೆಂಟರ್ ತುಂಬುವ ಹಾಳೆಯಲ್ಲಿ, ಬರೆದಿರಬೇಕು. ಬಾಯಿಮಾತಿನಲ್ಲಿ ಹೇಳಿ, ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆಸಿಕೊಂಡು ಬಂದವರಿಗೆ ಈ ದಾರಿ ಅಲ್ಲೇ ಮುಚ್ಚುತ್ತದೆ. ತುಮಕೂರಿನಲ್ಲಿ ಸರ್ವಿಸ್ ಅಡ್ವೈಸರ್ ಗುರುತಿನವನೇ ಆಗಿರುತ್ತಾನೆ, ಬರೆಯಪ್ಪ ಎನ್ನಲು ಸಂಕೋಚ. ಈ ಸಂಕೋಚಕ್ಕೆ ಲಕ್ಷದ ಬೆಲೆ ಬೀಳಬಹುದು.

‘ಓಡಿಸುವ ರೀತಿ’ ಎಂಬ ನೆಪ ನಮ್ಮೂರಿನದೇ ಅಲ್ಲ. ಪವರ್‌ಶಿಫ್ಟ್ ಹೆಸರಿನ ಡಿಸಿಟಿ ಗೇರ್‌ಬಾಕ್ಸಿನ ನಡುಕಕ್ಕೆ ಚಾಲಕರ ಮೇಲೆಯೇ ತಪ್ಪು ಹೊರಿಸಿದ್ದೂ ಸೇರಿದಂತೆ ದೂರುದಾರರನ್ನು ನಡೆಸಿಕೊಂಡ ರೀತಿಗಾಗಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2018ರ ಏಪ್ರಿಲ್‌ನಲ್ಲಿ ಫೋರ್ಡಿನ ಅಲ್ಲಿನ ಕಂಪನಿಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತ್ತು. ದೋಷ ಇರುವುದು ಗೊತ್ತಿದ್ದೂ ಗ್ರಾಹಕರಿಂದ ಮುಚ್ಚಿಟ್ಟದ್ದು ಅಲ್ಲಿ ಮುಖ್ಯವಾಯಿತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಗೊತ್ತಿದ್ದೂ ಮಾಹಿತಿ ಬಚ್ಚಿಡುವುದು ‘ಸೇವಾ ನ್ಯೂನತೆ’ಯ ವ್ಯಾಖ್ಯೆಯೊಳಗೇ ಬರುತ್ತದೆ.

ಇನ್ನು, ವಾರಂಟಿ ಮುಗಿಯುವವರೆಗೆ ಒಂದೂ ದೂರಿಲ್ಲ, ಮುಗಿದು ಕೆಲವೇ ತಿಂಗಳಿಗೆ ಪೆಟ್ಟಿಗೆ ಹೋಯಿತು ಎನ್ನುವವರ ಪಾಡು. ಇಲ್ಲಿ ಕಾನೂನಿನ ಬಾಗಿಲು ಸ್ವಲ್ಪವೇ ತೆರೆದಿದೆ. ಕಾಯ್ದೆಯ ಪ್ರಕಾರ ‘ದೋಷ’ ಎಂದರೆ ಒಪ್ಪಂದದಲ್ಲಿ ಬರೆದದ್ದು ಮಾತ್ರವಲ್ಲ, ಬರೆಯದೆಯೂ ನಿರೀಕ್ಷಿಸಬಹುದಾದ ಗುಣಮಟ್ಟದ ಕೊರತೆಯೂ ಹೌದು. ಹುಟ್ಟಿನಿಂದಲೇ ಇದ್ದ ದೋಷ ತಡವಾಗಿ ಕಂಡಿತು ಎಂದು ವಾದಿಸಬಹುದು. ಆದರೆ ಅದನ್ನು ಸಾಬೀತುಪಡಿಸುವ ಭಾರ ದೂರುದಾರನದು, ತಜ್ಞರ ವರದಿ ಬೇಕು.

2019ರ ಕಾಯ್ದೆಯಲ್ಲಿ ಹೊಸದಾಗಿ ಬಂದ ‘ಉತ್ಪನ್ನ ಹೊಣೆಗಾರಿಕೆ’ ಅಧ್ಯಾಯದ ಮೇಲೆ ಬಹಳ ಮಂದಿ ಆಸೆ ಇಟ್ಟುಕೊಳ್ಳುತ್ತಾರೆ. ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ದೋಷಪೂರಿತ ವಸ್ತುವಿನಿಂದ ಮನುಷ್ಯರಿಗೆ, ಬೇರೆ ಆಸ್ತಿಗೆ ಆದ ಹಾನಿಯನ್ನಷ್ಟೇ ಅದು ನೋಡುತ್ತದೆ. ಆ ವಸ್ತುವಿಗೇ ಆದ ಹಾನಿಯನ್ನು ‘ಹಾನಿ’ಯ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಗೇರ್‌ಬಾಕ್ಸ್ ತಾನೇ ಸುಟ್ಟರೆ ಅದು ಆ ಅಧ್ಯಾಯದ ವಿಷಯವಲ್ಲ. ಹಾಗೆಯೇ ಕಾರನ್ನೇ ಬದಲಿಸಿ ಕೊಡಿ ಎಂಬ ಬೇಡಿಕೆ. ವಾರಂಟಿಯ ಮಾತು ದೋಷವಿರುವ ಭಾಗಕ್ಕೆ ಸಂಬಂಧಿಸಿದ್ದೇ ಹೊರತು ಇಡೀ ಕಾರಿಗಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದರಲ್ಲಿ ಹೇಳಿದೆ.

ಕಂಪನಿಗಳು ಕೆಲವೊಮ್ಮೆ ‘ಗುಡ್‌ವಿಲ್’ ಎಂದು ಖರ್ಚಿನ ಒಂದು ಪಾಲು ಹೊರುವುದುಂಟು. ಕೇಳಿದರೆ ತಪ್ಪಿಲ್ಲ, ಬರಹದಲ್ಲೇ ಕೇಳಬೇಕು. ಆದರೆ ಅದು ಅವರು ಮನಸ್ಸು ಮಾಡಿ ಕೊಡುವ ರಿಯಾಯಿತಿ. ಎಲ್ಲ ಸರ್ವಿಸೂ ಕಂಪನಿಯ ಶೋರೂಂನಲ್ಲೇ ಆಗಿದ್ದರೆ ಸಿಗುವ ಸಾಧ್ಯತೆ ಹೆಚ್ಚು ಎಂಬುದನ್ನು ಗಮನಿಸಿದರೆ, ಗ್ರಾಹಕ ಹೊರಗಿನ ಗ್ಯಾರೇಜಿಗೆ ಹೋಗದಂತೆ ತಡೆಯುವ ಬೇಲಿಯೂ ಇದೇ ಎಂಬುದು ತಿಳಿಯುತ್ತದೆ.

ತಡಕ್ಕೆ ಬೇರೆಯದೇ ಲೆಕ್ಕ

ಈಗ ಎರಡನೇ ವಿಷಯ. ವಾರಂಟಿ ಮುಗಿದ ಕಾರನ್ನು ಸರ್ವಿಸ್ ಸೆಂಟರ್ ಒಳಗೆ ಬಿಟ್ಟುಕೊಂಡು, ಜಾಬ್ ಕಾರ್ಡ್ ತೆರೆದು, ಎಸ್ಟಿಮೇಟಿಗೆ ಸಹಿ ಪಡೆದು, ಮುಂಗಡ ಹಣ ಜಮಾ ಮಾಡಿಕೊಂಡ ಕ್ಷಣದಲ್ಲಿ ಅಲ್ಲೊಂದು ಹೊಸ ಒಪ್ಪಂದ ಹುಟ್ಟುತ್ತದೆ. ಇದು ಹಣ ಕೊಟ್ಟು ಪಡೆಯುವ ಸೇವೆ. ಹಳೆಯ ವಾರಂಟಿಗೂ ಇದಕ್ಕೂ ನಂಟಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 46ನೇ ಕಲಂ ಹೇಳುವುದು ಇಷ್ಟೇ: ಅವಧಿ ಗೊತ್ತುಮಾಡದಿದ್ದರೆ ‘ನ್ಯಾಯೋಚಿತ ಕಾಲ’ದೊಳಗೆ ಕೆಲಸ ಮುಗಿಸಬೇಕು. ಯಾವುದು ನ್ಯಾಯೋಚಿತ ಎಂಬುದನ್ನು ಆಯಾ ಪ್ರಕರಣದ ಸಂಗತಿ ನೋಡಿ ತೀರ್ಮಾನಿಸಬೇಕು. ‘ಯಾವಾಗ ಬರುತ್ತೋ ಹೇಳಕ್ಕಾಗಲ್ಲ’ ಎಂಬುದು ಒಪ್ಪಂದ ಕಾಯ್ದೆ ಒಪ್ಪುವ ಅವಧಿಯಲ್ಲ.

ಗ್ರಾಹಕ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಪ್ಪಿದ ಅವಧಿ ಮೀರಿ ವಸ್ತು ಅಥವಾ ಸೇವೆಯನ್ನು ತಡಮಾಡಿ, ಅದರಿಂದ ಬೆಲೆ ಏರುವಂತಾದರೆ ಅದನ್ನು ‘ನಿರ್ಬಂಧಕ ವ್ಯಾಪಾರ ಪದ್ಧತಿ’ ಎಂದೇ ಕರೆದಿದೆ. ಎಸ್ಟಿಮೇಟ್ ಕೊಟ್ಟು ತಿಂಗಳುಗಟ್ಟಲೆ ಕಾಯಿಸಿ, ‘ಈಗ ರೇಟು ಜಾಸ್ತಿಯಾಗಿದೆ’ ಎಂದು ಬಿಲ್ ಏರಿಸುವ ಅಭ್ಯಾಸಕ್ಕೆ ಈ ಮಾತು ಸರಿಯಾಗಿ ತಾಗುತ್ತದೆ. ಆದರೆ ಅವಧಿ ‘ಒಪ್ಪಿದ್ದು’ ಆಗಿರಬೇಕಲ್ಲ. ಎಸ್ಟಿಮೇಟ್ ಹಾಳೆಯ ಮೇಲೆ ಕಾರು ಕೊಡುವ ದಿನಾಂಕ ಬರೆಸುವುದು ಇದಕ್ಕಾಗಿ. ಬರೆಯಲು ಒಪ್ಪದಿದ್ದರೆ ಅದೇ ದಿನ ‘ನೀವು ಇಂತಿಷ್ಟು ವಾರ ಎಂದು ಹೇಳಿದ್ದೀರಿ’ ಎಂದು ಒಂದು ಇ-ಮೇಲ್ ಕಳಿಸಿದರೂ ನಡೆಯುತ್ತದೆ. ಅವರು ಅಲ್ಲಗಳೆಯದಿದ್ದರೆ ಅದೂ ದಾಖಲೆಯೇ.

ಡೀಲರ್ ಕಂಪನಿಯ ಮೇಲೆ, ಕಂಪನಿ ಡೀಲರ್ ಮೇಲೆ ಬೆರಳು ತೋರಿಸುವುದು ಮಾಮೂಲು. ಡೀಲರ್ ಮಾಡಿದ್ದಕ್ಕೆಲ್ಲ ತಯಾರಕ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ಹೇಳಿದ ಮೇಲಂತೂ ದೂರಿನಲ್ಲಿ ಯಾರದ್ದು ಯಾವ ತಪ್ಪು ಎಂದು ಬಿಡಿಸಿ ಬರೆಯುವುದು ಅಗತ್ಯವಾಗಿದೆ. ಬಿಡಿಭಾಗ ಪೂರೈಸದಿದ್ದದ್ದು ಕಂಪನಿಯ ತಪ್ಪು. ಆರ್ಡರನ್ನೇ ತಡವಾಗಿ ಹಾಕಿದ್ದು, ಬಿಚ್ಚಿದ ಪೆಟ್ಟಿಗೆಯನ್ನು ಮಳೆಗೆ ಬಿಟ್ಟದ್ದು ಡೀಲರ್‌ನದು. ಆರ್ಡರ್ ನಂಬರ್ ಮತ್ತು ಆರ್ಡರ್ ಹಾಕಿದ ದಿನಾಂಕ ಕೇಳಿ ಪಡೆದರೆ ತಪ್ಪು ಯಾರದೆಂಬುದು ಅರ್ಧ ಅಲ್ಲೇ ಬಯಲಾಗುತ್ತದೆ.

ಕಂಪನಿ ಏನನ್ನುತ್ತದೆ, ಗ್ಯಾರೇಜು ಏನನ್ನುತ್ತದೆ

ಕಂಪನಿಗಳ ವಾದದಲ್ಲೂ ಹುರುಳಿಲ್ಲದಿಲ್ಲ. ಹಳೆಯ ಮಾದರಿಗಳ ದುಬಾರಿ ಘಟಕಗಳನ್ನು ವರ್ಷಗಟ್ಟಲೆ ದಾಸ್ತಾನು ಇಟ್ಟರೆ ಅದರ ಖರ್ಚು ಕೊನೆಗೆ ಬೆಲೆಯಲ್ಲೇ ಸೇರುತ್ತದೆ. ತರಬೇತಿ ಇಲ್ಲದವರು ಮೆಕಾಟ್ರಾನಿಕ್ ಬಿಚ್ಚಿದರೆ ಹೆದ್ದಾರಿಯ ನಡುವೆ ಗೇರ್ ಬಿಟ್ಟುಹೋಗುವ ಅಪಾಯವಿದೆ. ನಕಲಿ ಬಿಡಿಭಾಗಗಳ ಕಾಟ ಬೇರೆ. ಸಾಫ್ಟ್‌ವೇರ್ ಎಲ್ಲರಿಗೂ ತೆರೆದಿಟ್ಟರೆ ಕಳ್ಳರಿಗೂ ತೆರೆದಿಟ್ಟಂತೆ.

ಊರಿನ ಗ್ಯಾರೇಜುಗಳ ಉತ್ತರ ನೇರವಾಗಿದೆ: ತರಬೇತಿ ಇಲ್ಲ ಎನ್ನುವ ಮೊದಲು ಕೈಪಿಡಿ ಕೊಡಿ, ನಕಲಿ ಎನ್ನುವ ಮೊದಲು ಅಸಲಿಯನ್ನು ನಮಗೂ ಮಾರಿ. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಕೈ ಇದ್ದರೂ, ಕೊನೆಯಲ್ಲಿ ಕಂಪ್ಯೂಟರ್ ಹೊಂದಿಸಲು ಕಂಪನಿಯ ಲಾಗಿನ್ ಬೇಕು ಎಂಬಲ್ಲಿ ಕೆಲಸ ನಿಲ್ಲುತ್ತದೆ. ಈ ಒಂದು ಬೀಗ ಇರುವವರೆಗೆ ಗ್ರಾಹಕನಿಗೆ ಎರಡನೇ ಅಂಗಡಿ ಎಂಬುದೇ ಇಲ್ಲ. ಎರಡನೇ ಅಂಗಡಿ ಇಲ್ಲದವನನ್ನು ಕಾಯಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ ಎಂಬುದು ಮೊದಲ ಅಂಗಡಿಗೆ ಗೊತ್ತು.

ಈ ಜಗಳದ ತೀರ್ಪು ಒಮ್ಮೆ ಬಂದಿದೆ, ಬಹಳ ಮಂದಿಗೆ ಮರೆತುಹೋಗಿದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆಯ ಉಪಕರಣ, ತಾಂತ್ರಿಕ ಮಾಹಿತಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದು ಪೈಪೋಟಿ ಕೊಂದಿದ್ದಾರೆ ಎಂಬುದು ಆರೋಪ. ಅವನ್ನು ಮುಕ್ತವಾಗಿ ಒದಗಿಸಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲ ಎಂದೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸ್ಸಾನ್ ಪ್ರಕರಣದಲ್ಲಿ ತಪ್ಪನ್ನು ಎತ್ತಿಹಿಡಿದು ದಂಡದ ಮೊತ್ತ ಇಳಿಸಿತು. ಅಲ್ಲಿಂದ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಆದೇಶ ಬಂದು ಹತ್ತು ವರ್ಷ ಮೀರಿದರೂ ತುಮಕೂರಿನ ಬಿ.ಎಚ್. ರಸ್ತೆಯ ಗ್ಯಾರೇಜಿನವನಿಗೆ ಅದರಿಂದ ಒಂದು ಪಾಸ್‌ವರ್ಡೂ ಸಿಕ್ಕಿಲ್ಲ.

‘ದುರಸ್ತಿ ಹಕ್ಕು’ ಇನ್ನೂ ಹಕ್ಕಾಗಿಲ್ಲ

ಹಾಗಾದರೆ ಪೋರ್ಟಲ್? 2022ರ ಜುಲೈನಲ್ಲಿ ನೇಮಕವಾದ ಸಮಿತಿ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು: ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಉಪಕರಣ, ವಾಹನ. ಕಂಪನಿಗಳು ಕೈಪಿಡಿ, ಬಿಡಿಭಾಗಗಳ ಬೆಲೆ, ಸರ್ವಿಸ್ ಸೆಂಟರ್ ವಿವರಗಳನ್ನು ಒಂದೇ ಕಡೆ ಹಾಕಲಿ ಎಂಬುದು ಪೋರ್ಟಲಿನ ಆಶಯ. ಹಾಕದಿದ್ದರೆ ದಂಡವಿಲ್ಲ. ಬಿಡಿಭಾಗವನ್ನು ಎಷ್ಟು ವರ್ಷ ಪೂರೈಸಬೇಕು, ಎಷ್ಟು ದಿನದೊಳಗೆ ತರಿಸಿಕೊಡಬೇಕು ಎಂಬ ಕಡ್ಡಾಯ ನಿಯಮ ಕಾರುಗಳಿಗೆ ಅಲ್ಲಿಲ್ಲ. ದುರಸ್ತಿ ಎಷ್ಟು ಸುಲಭ ಎಂದು ಅಂಕ ಕೊಡುವ ‘ರಿಪೇರಬಿಲಿಟಿ ಇಂಡೆಕ್ಸ್’ ಬಗ್ಗೆ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಕೆಯಾದರೂ ಅದರ ಗಮನ ಮೊದಲಿಗೆ ಮೊಬೈಲ್ ಫೋನಿನಂಥ ಸಾಧನಗಳ ಮೇಲೆ. ಆಸ್ಟ್ರೇಲಿಯಾ ಮಾತ್ರ 2022ರ ಜುಲೈ 1ರಿಂದಲೇ ವಾಹನ ಸರ್ವಿಸ್ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ನ್ಯಾಯವಾದ ಬೆಲೆಗೆ ಮಾರುವುದನ್ನು ಕಡ್ಡಾಯ ಮಾಡಿದೆ. ಪೋರ್ಟಲಿಗೂ ಕಾಯ್ದೆಗೂ ಇರುವ ಅಂತರ ಅದು.

ಜಿಎಸ್‌ಟಿ ಇಳಿಕೆಯ ಫಲ ನಿಜವಾದದ್ದು, ಆದರೆ ಸೀಮಿತ. ತೆರಿಗೆ ಬಿಟ್ಟು ಎರಡು ಲಕ್ಷದ ಗೇರ್‌ಬಾಕ್ಸಿಗೆ ಮೊದಲು 56,000 ರೂಪಾಯಿ ತೆರಿಗೆ, ಈಗ 36,000. ಕೂಲಿಗೆ ಮೊದಲೂ ಶೇ 18, ಈಗಲೂ ಅಷ್ಟೇ. ಮೂಲ ಬೆಲೆಯನ್ನು ನಿರ್ಧರಿಸುವುದು ಕಂಪನಿಯೇ. ಪೈಪೋಟಿ ಇಲ್ಲದ ಕಡೆ ಅದನ್ನು ಏರಿಸಿದರೆ ಕೇಳುವವರಿಲ್ಲ.

ತುಮಕೂರಿನಲ್ಲೇ ದೂರು ಕೊಡಬಹುದು

ಸರ್ವಿಸ್ ಸೆಂಟರ್ ಬೆಂಗಳೂರಿನ ಯಶವಂತಪುರದಲ್ಲಿ, ಕಂಪನಿಯ ಕಚೇರಿ ದೆಹಲಿಯಲ್ಲೋ ಪುಣೆಯಲ್ಲೋ. ಪಾವಗಡದವನೊಬ್ಬ ಎಲ್ಲಿಗೆ ಹೋಗಬೇಕು? ಹಳೆಯ 1986ರ ಕಾಯ್ದೆಯಲ್ಲಿ ಎದುರುದಾರನ ಊರು ಅಥವಾ ವ್ಯವಹಾರ ನಡೆದ ಊರಿಗೇ ಹೋಗಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ದೂರುದಾರ ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪಾವಗಡ, ಮಧುಗಿರಿ, ತಿಪಟೂರು, ಕುಣಿಗಲ್ ಎಲ್ಲಿಯವರಾದರೂ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬಂದರೆ ಸಾಕು. ಆನ್‌ಲೈನಿನಲ್ಲಿ ಸಲ್ಲಿಸಲು ಇ-ಜಾಗೃತಿ ಪೋರ್ಟಲ್ ಇದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಎಷ್ಟೋ ಕಂಪನಿಗಳು ಅಲ್ಲೇ ಎಚ್ಚೆತ್ತುಕೊಳ್ಳುತ್ತವೆ.

ಕೊಟ್ಟ ಹಣ 50 ಲಕ್ಷದವರೆಗಿನದಾದರೆ ಜಿಲ್ಲಾ ಆಯೋಗವೇ ನೋಡುತ್ತದೆ. ಐದು ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ಎದುರುದಾರ 30 ದಿನ, ಹೆಚ್ಚೆಂದರೆ ಇನ್ನೂ 15 ದಿನದೊಳಗೆ ಉತ್ತರಿಸಬೇಕು. ಈ 45 ದಿನದ ಗಡಿ ಮೀರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿದೆ. ಮೂರು ತಿಂಗಳಲ್ಲಿ, ತಜ್ಞರ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಇತ್ಯರ್ಥ ಎಂದು ಕಾಯ್ದೆ ಹೇಳುತ್ತದೆ. ಅಷ್ಟು ಬೇಗ ಆಗುತ್ತದೆಂದು ನಂಬಿ ಕೂರುವುದು ಬೇಡ. ದೂರು ಕೊಡಲು ಇರುವ ಗಡುವು ಎರಡು ವರ್ಷ. ‘ಇವತ್ತು ಬರುತ್ತೆ, ನಾಳೆ ಬರುತ್ತೆ’ ಎಂದು ಕಾಯುತ್ತಾ ಅದನ್ನೂ ಕಳೆದುಕೊಳ್ಳುವವರುಂಟು.

ಅಡಿಕೆ, ಕೊಬ್ಬರಿ ವ್ಯಾಪಾರಕ್ಕೆ ಮಂಡಿಯ ಹೆಸರಿನಲ್ಲಿ ಕಾರು ಇಟ್ಟವರಿಗೆ ಒಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಈ ಕಾಯ್ದೆಯಲ್ಲಿ ‘ಗ್ರಾಹಕ’ರಲ್ಲ ಎಂದು ಎದುರಿನವರು ವಾದಿಸುತ್ತಾರೆ. ಸ್ವಂತ ಜೀವನೋಪಾಯಕ್ಕೆ ತಾನೇ ಟ್ಯಾಕ್ಸಿ ಓಡಿಸುವವನಿಗೆ ವಿನಾಯಿತಿ ಇದೆ. ಹತ್ತು ಟ್ಯಾಕ್ಸಿ ಇಟ್ಟು ಡ್ರೈವರ್ ನೇಮಿಸಿದವರಿಗೆ ಇಲ್ಲ.

ಸಾಕ್ಷ್ಯ ಕೆಡುವುದು ಹೆಚ್ಚಾಗಿ ನಮ್ಮ ಆತುರದಿಂದ. ಆಟೊಮ್ಯಾಟಿಕ್ ಕಾರು ಮಧುಗಿರಿ ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆಸುವುದು ರೂಢಿ. ಎಂಜಿನ್ ಆರಿದಾಗ ಗೇರ್‌ಬಾಕ್ಸಿನ ಎಣ್ಣೆ ಪಂಪೂ ನಿಂತಿರುತ್ತದೆ. ಚಕ್ರ ಉರುಳಿದಷ್ಟೂ ಒಳಗಿನ ಭಾಗಗಳು ಒಣಗಿ ತಿಕ್ಕಾಡುತ್ತವೆ. ಆಮೇಲೆ ‘ಎಳೆಸಿದ್ದರಿಂದಲೇ ಹಾಳಾಯಿತು’ ಎನ್ನಲು ಕಂಪನಿಯವರಿಗೆ ಅನುಕೂಲ. ಚಕ್ರ ನೆಲಕ್ಕೆ ತಾಗದಂತೆ ಹೊತ್ತೊಯ್ಯುವ ಲಾರಿ ದುಬಾರಿಯಾದರೂ ಅದೇ ಸರಿ. ಬಿಚ್ಚಿದ ಹಳೆಯ ಭಾಗ ನಿಮ್ಮದು, ವಿನಿಮಯ ಯೋಜನೆಯಲ್ಲಿ ಕೊಟ್ಟಿದ್ದರೆ ಮಾತ್ರ ಅಲ್ಲ. ಅದನ್ನು ಬಿಟ್ಟುಬಂದರೆ ತಜ್ಞರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ವಿಮೆಯ ಬಗ್ಗೆ ಎರಡು ಮಾತು. ತಾನಾಗಿ ಕೆಟ್ಟ ಯಂತ್ರಕ್ಕೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ. ರಸ್ತೆಯ ಉಬ್ಬಿಗೋ ಕಲ್ಲಿಗೋ ತಗುಲಿ ಗೇರ್‌ಬಾಕ್ಸಿನ ಎಣ್ಣೆ ತಟ್ಟೆ ಒಡೆದರೆ ಅದು ಅಪಘಾತ, ಕ್ಲೇಮ್ ಮಾಡಬಹುದು. ಆದರೆ ಎಣ್ಣೆ ಸೋರುತ್ತಿರುವಾಗಲೂ ಓಡಿಸಿ ಒಳಗೆ ಸುಟ್ಟರೆ ‘ಪರಿಣಾಮದ ನಷ್ಟ’ ಎಂದು ತಳ್ಳಿಹಾಕುತ್ತಾರೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ರಕ್ಷಣೆಯ ಹೆಚ್ಚುವರಿ ಕವಚ ಇಂಥದ್ದಕ್ಕಾಗಿಯೇ ಇದೆ.

ಮುಂದೆ ಏನಾಗಬಹುದು

ಕಡ್ಡಾಯ ನಿಯಮ ಬಾರದಿದ್ದರೆ ಪರಿಣಾಮ ಮೊದಲು ಕಾಣುವುದು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ. ಗೇರ್‌ಬಾಕ್ಸಿನ ರಿಪೇರಿ ಖರ್ಚು ಹಳೆಯ ಕಾರಿನ ಬೆಲೆಯ ಅರ್ಧಕ್ಕೆ ಬಂದರೆ, ಡಿಸಿಟಿ, ಸಿವಿಟಿ ಕಾರುಗಳನ್ನು ಕೊಳ್ಳುವವರು ಬೆಲೆ ಇಳಿಸಿ ಕೇಳುತ್ತಾರೆ. ಬೆಲೆ ಬಿದ್ದ ಕಾರಿಗೆ ದುಡ್ಡು ಹಾಕಲು ಮಾಲೀಕನಿಗೂ ಮನಸ್ಸು ಬಾರದು. ಓಡಬಲ್ಲ ಕಾರುಗಳು ಅವಧಿಗೆ ಮೊದಲೇ ಗುಜರಿ ಸೇರುತ್ತವೆ. ಆ ಭಯವೇ ವಿಸ್ತೃತ ವಾರಂಟಿಯ ಮಾರಾಟವನ್ನು ಬೆಳೆಸುತ್ತದೆ. ದಿನಾ ಬೆಂಗಳೂರಿಗೆ ಓಡಾಡುವವರು ಅದನ್ನು ಕೊಳ್ಳುವಾಗ ವರ್ಷಕ್ಕಿಂತ ಕಿಲೋಮೀಟರ್ ಮಿತಿಯನ್ನೇ ನೋಡಬೇಕು.

ನಿಯಮ ಬಂದರೂ ಎಲ್ಲವೂ ಅಗ್ಗವಾಗುವುದಿಲ್ಲ. ದಾಸ್ತಾನಿನ ಖರ್ಚು ಹೊಸ ಕಾರಿನ ಬೆಲೆಗೆ ಸೇರಬಹುದು, ಸ್ಕ್ಯಾನರ್ ಮತ್ತು ಸಾಫ್ಟ್‌ವೇರ್ ಚಂದಾ ಕಟ್ಟಲಾಗದ ಸಣ್ಣ ಗ್ಯಾರೇಜು ಹಿಂದುಳಿಯಬಹುದು. ಆದರೂ ಜಿಲ್ಲಾ ಕೇಂದ್ರಕ್ಕೆ ಒಂದೆರಡು ಗ್ಯಾರೇಜುಗಳು ಈ ಕೆಲಸಕ್ಕೆ ಸಜ್ಜಾದರೆ ಶೋರೂಂನ ಸರದಿ ತಾನಾಗಿ ಕರಗುತ್ತದೆ.

ಸದ್ಯಕ್ಕೆ, ಕಾರು ಒಳಗಿದ್ದು ಬಿಲ್ಲಿನ ಬಗ್ಗೆ ತಕರಾರು ಎದ್ದಿದ್ದರೆ ಒಂದು ವಿಷಯ ನೆನಪಿರಲಿ. ಮಾಡಿದ ಕೆಲಸದ ಕೂಲಿ ಬರುವವರೆಗೆ ಕಾರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಒಪ್ಪಂದ ಕಾಯ್ದೆಯ 170ನೇ ಕಲಮಿನಲ್ಲಿ ಗ್ಯಾರೇಜಿಗೆ ಇದೆ. ಹಟ ಹಿಡಿದು ಕಾರು ಬಿಟ್ಟರೆ ಪಾರ್ಕಿಂಗ್ ಶುಲ್ಕ ಏರುತ್ತದೆ, ಬ್ಯಾಟರಿ ಸಾಯುತ್ತದೆ. ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬಿಲ್ಲಿನ ಮೇಲೆಯೇ ಬರೆದು, ಅದರ ಪ್ರತಿ ಇಟ್ಟುಕೊಂಡು, ಹಣ ಕಟ್ಟಿ ಕಾರು ಬಿಡಿಸಿಕೊಂಡು ಬಂದ ಮೇಲೂ ಆಯೋಗದಲ್ಲಿ ತಡದ ಪರಿಹಾರ ಕೇಳಬಹುದು. ಆ ಅವಧಿಯ ಬಾಡಿಗೆ ಕಾರಿನ ರಸೀದಿ, ಬಸ್ ಪಾಸು, ಓಡದ ಕಾರಿಗೆ ಕಟ್ಟಿದ ಕಂತಿನ ವಿವರ ಜೊತೆಗಿದ್ದರೆ ನಷ್ಟದ ಮೊತ್ತವನ್ನು ಊಹೆಗೆ ಬಿಡಬೇಕಾಗುವುದಿಲ್ಲ.